ಚೀಲ ಕಾಯುವ ಕೆಲಸ

ಗಿರಾಕಿ ಸುಳ್ಳು ಹೇಳುತ್ತಿದ್ದಾನೆಂದು ಆಕೆಗೆ ಆ ಕ್ಷಣವೇ ಗೊತ್ತಾಯಿತು.

“ಬೆಳಿಗ್ಗೆ ಏನು ತಿಂದ್ರಿ ಸಾರ್?” ಎಂದು ಡೈವಿಂಗ್ ಕೋಚ್ ಕೇಳಿದ್ದರು. ನೀರಿಗಿಳಿಯುವ ಮುಂಚೆ ಎಲ್ಲರನ್ನೂ ಕೇಳುವ ಪ್ರಶ್ನೆ ಅದು.

“ಏನಿಲ್ಲ, ಬರೀ ಕಾಫಿ,” ಎಂದ ಗಿರಾಕಿ, ಹೊಟ್ಟೆ ಒಳಗೆಳೆದುಕೊಂಡು.

ಬರೀ ಕಾಫಿಯಂತೆ! ರೆಸಾರ್ಟಿನ ಊಟದ ಹಾಲಿನಲ್ಲಿ ಅವನು ಆಮ್ಲೆಟ್ಟಿನ ಮೇಲೆ ಆಮ್ಲೆಟ್ ಹಾಕಿಸಿಕೊಂಡದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಆದರೆ ಈಗ ಬಾಯಿ ಬಿಡುವಂತಿರಲಿಲ್ಲ. ಗಿರಾಕಿ ಉಡುಪು ಬದಲಿಸಲು ಹೋಗಿದ್ದಾಗಲೇ ದೋಣಿ ಹತ್ತಿ, ಎಂಜಿನ್ ಪಕ್ಕದಲ್ಲಿ ಕೂತಿದ್ದಳು. ಮೈಗೆ ಕಪ್ಪು ರಬ್ಬರ್ ಉಡುಪು, ತಲೆಗೆ ಬಿಗಿಯಾದ ಟೋಪಿ, ಅರ್ಧ ಮುಖ ನುಂಗುವ ಮಾಸ್ಕ್, ಬಾಯಲ್ಲಿ ಉಸಿರಾಟದ ನಳಿಗೆ.

“ಕಿವಿ ತೊಂದರೆ ಏನಾದ್ರೂ ಇದೆಯಾ?”

“ಛೆ ಛೆ! ನಂಗೇನ್ರೀ ಆಗಿದೆ?”

ಅದೂ ಸುಳ್ಳೇ. ಆಕೆ ಕೋಚ್ ಕಡೆ ತಿರುಗಿ ತನ್ನ ಎಡಗಿವಿ ಮುಟ್ಟಿ ತೋರಿಸಿದಳು. ಕೋಚ್ ತಲೆಯಾಡಿಸಿ, “ನಿಧಾನಕ್ಕೇ ಇಳಿಯೋಣ ಬಿಡಿ,” ಎಂದರು.

ಇವತ್ತು ಆಕೆಗೂ ಪರೀಕ್ಷೆಯೇ. ಮನೆಯಲ್ಲಿ ವಾಕಿಂಗ್ ಎಂದು ಹೇಳಿ ಹೊರಟು, ವರ್ಷವಿಡೀ ಈಜುಕೊಳದಲ್ಲಿ ಡೈವಿಂಗ್ ಕಲಿತಿದ್ದಳು. ಸರ್ಟಿಫಿಕೇಟೂ ಕೈಗೆ ಬಂದಿತ್ತು. ಬಂದು ಏನು ಬಂತು? ರೆಸಾರ್ಟಿಗೆ ಕಾಲಿಟ್ಟಾಗಿನಿಂದ ಸಿಕ್ಕಿದ್ದು ಒಂದೇ ಕೆಲಸ: ದಂಡೆಯಲ್ಲಿ ಕೂತು ಇಂಥ ಮಹಾಶಯರ ಚೀಲ, ಚಪ್ಪಲಿ, ಟವಲ್ ಕಾಯುವುದು. ನಾಳೆ ಹವಳದ ಬಂಡೆಗೆ ದೋಣಿ ಹೊರಡುತ್ತದೆ. ಅದರಲ್ಲಿ ಜಾಗ ಬೇಕಾದರೆ ಈ ಗಿರಾಕಿಯನ್ನು ತಳ ಮುಟ್ಟಿಸಿ ನಗುನಗುತ್ತಾ ಮೇಲೆ ತರಬೇಕು. “ಇವರೊಬ್ಬರು ಒಪ್ಪಿದ್ರೆ ಮುಗೀತು,” ಎಂದಿದ್ದರು ಕೋಚ್. ಎಡವಿದರೆ ಮತ್ತೆ ಚೀಲವೇ ಗತಿ.

ದೋಣಿಯಲ್ಲಿ ಗಿರಾಕಿಯ ಹೆಂಡತಿಯೂ ಪುಟ್ಟ ಮಗಳೂ ಇದ್ದರು. ಹೆಂಡತಿ ಆಗಲೇ ಒಂದು ಸಲ ಮುಳುಗಿ ಬಂದು ತಲೆ ಒರೆಸಿಕೊಳ್ಳುತ್ತಿದ್ದಳು.

“ಅಪ್ಪಾ, ನೀನೂ ಅಮ್ಮನ ಥರ ತಳದ ಮರಳು ಮುಟ್ಟಬೇಕು! ಫೋಟೊ ಬೇಕು!” ಎಂದಳು ಮಗಳು.

“ಮುಟ್ಟೋದೇನು, ಒಂದು ಹಿಡಿ ತಂದೇ ಕೊಡ್ತೀನಿ,” ಎಂದ. ಕಣ್ಣು ಮಾತ್ರ ನೀರಿನ ಕಡೆ ಹೋಗಲಿಲ್ಲ. “ನಮ್ಮಮ್ಮನಿಗೆ ನೀರಂದ್ರೆ ಜೀವವೇ ಹೋಗುತ್ತೆ ನೋಡಿ. ಛತ್ರಿ ಕೆಳಗೆ ಕೂರಿಸಿ, ಓದೋಕೆ ಪುಸ್ತಕ ಕೊಟ್ಟು ಬಂದಿದೀನಿ.”

ತಮ್ಮ ಭಯವನ್ನು ಇನ್ನೊಬ್ಬರ ತಲೆಗೆ ಕಟ್ಟುವವರು ಆಕೆಗೆ ಹೊಸಬರಲ್ಲ. ಮಾಸ್ಕಿನ ಒಳಗೇ ನಕ್ಕಳು.

ನೀರಿನಡಿ ಯಾರೂ ಒಂಟಿಯಾಗಿ ಹೋಗುವಂತಿಲ್ಲ; ಪ್ರತಿಯೊಬ್ಬರಿಗೂ ಒಂದು ಜೋಡಿ ಇರಲೇಬೇಕು. ಹೊಸಬರಾದರೆ ಕೋಚ್ ಬೆನ್ನ ಹಿಂದೆ ಸಿಲಿಂಡರ್ ಹಿಡಿದಿರುತ್ತಾರೆ, ಜೋಡಿಯವರು ಎದುರಿನಿಂದ ಕೈ ಹಿಡಿದಿರುತ್ತಾರೆ.

“ಇವರಾ ನನ್ನ ಜೋಡಿ?” ಗಿರಾಕಿ ಆಕೆಯನ್ನು ಮೇಲಿಂದ ಕೆಳಗೆ ನೋಡಿದ. “ಇಷ್ಟು ಸಣ್ಣಗಿದ್ದಾರಲ್ರೀ! ಮಾತೂ ಆಡಲ್ವಲ್ಲ ನಿಮ್ಮ ಮೇಡಂ?”

“ಅವರು ಮಾತಾಡೋಕೆ ಶುರು ಮಾಡಿದ್ರೆ ನಿಮಗೇ ಕಷ್ಟ ಸಾರ್.”

ಹೆಂಡತಿ ಬಾಯಿಗೆ ಟವಲ್ ಒತ್ತಿಕೊಂಡು ಅತ್ತ ತಿರುಗಿದಳು.

ಇಳಿದರು. ಅರ್ಧ ದಾರಿಯಲ್ಲೇ ಗಿರಾಕಿಯ ಶೌರ್ಯ ಮುಗಿಯಿತು. ಕಣ್ಣು ಗೋಲಿಯಷ್ಟಾಯಿತು, ಬಾಯಿಂದ ಗುಳ್ಳೆಗಳು ಬುಳುಬುಳು ಹೊರಟವು, ಹೆಬ್ಬೆರಳು ಮುಷ್ಟಿಯೊಳಗೆ ಅಡಗಿತು. ಇನ್ನೊಂದು ಕೈ ಮಾಸ್ಕ್ ಕೀಳಲು ಹೋಯಿತು. ಹಿಂದಿನಿಂದ ಕೋಚ್ ಹಿಡಿತ ಬಿಗಿ ಮಾಡಿದರು.

ಆಕೆಗೆ ನಾಳೆಯ ದೋಣಿ ಮರೆತೇ ಹೋಯಿತು. ಅವನ ಮುಷ್ಟಿ ಬಿಡಿಸಿ ಹೆಬ್ಬೆರಳನ್ನು ಹೊರಗೆಳೆದು ತನ್ನ ಅಂಗೈಯಲ್ಲಿ ಹಿಡಿದಳು. ಮೆಲ್ಲಗೆ ಒತ್ತಿದಳು, ಬಿಟ್ಟಳು. ಒತ್ತಿದಳು, ಬಿಟ್ಟಳು. ಆಮೇಲೆ ತೋರುಬೆರಳನ್ನು ಅವನ ಮೂಗಿನ ಮುಂದೆ ತಂದು ಒಂದೇ ಸಲ ಆಡಿಸಿದಳು. ಅಷ್ಟು ದೊಡ್ಡ ಆಸಾಮಿ ಗಪ್‌ಚುಪ್ಪಾದ. ಉಸಿರು ಆ ಒತ್ತುವಿಕೆಯ ಲಯಕ್ಕೆ ಬಂತು. ಕಿವಿಯ ಒತ್ತಡ ಇಳಿಯಲು ಮೂಗು ಹಿಡಿದು ಊದುವುದನ್ನು ಆಕೆ ತೋರಿಸಿದಳು; ಅವನೂ ಊದಿದ. ಎಡಗಿವಿ ಬಿಡುವ ತನಕ ಆಕೆ ಅವನನ್ನು ಒಂದು ಗೇಣೂ ಕೆಳಕ್ಕೆ ಬಿಡಲಿಲ್ಲ.

ತಳದಲ್ಲಿ ಬಿಳಿ ಮರಳು. ಹಳದಿ ಮೀನೊಂದು ಬಂದು ಗಿರಾಕಿಯ ಹೊಟ್ಟೆಯನ್ನು ಸಾವಕಾಶವಾಗಿ ನೋಡಿಕೊಂಡು ಹೋಯಿತು. ಅವನು ಮರಳು ಮುಟ್ಟಿದ. ಕೋಚ್ ಫೋಟೊ ಹೊಡೆದರು. ಫೋಟೊದಲ್ಲೂ ಅವನ ಹೆಬ್ಬೆರಳು ಆಕೆಯ ಕೈಯಲ್ಲೇ ಇತ್ತು.

ದೋಣಿ ಹತ್ತಿದ್ದೇ ತಡ, ಗಿರಾಕಿಯ ಬಾಯಿ ನಿಲ್ಲಲಿಲ್ಲ. “ಮುಟ್ಟಿದೆ ಕಣೇ, ತಳ ಮುಟ್ಟಿಬಿಟ್ಟೆ! ಏನು ಹಿಡಿತ ರೀ ಈ ಮೇಡಮ್ಮಂದು! ಜಪ್ಪಯ್ಯ ಅಂದ್ರೂ ಕೈ ಬಿಡಲಿಲ್ಲ. ನಾಳೆ ಹವಳದ ಬಂಡೆಗೂ ನಂಗೆ ಇವರೇ ಜೋಡಿ. ಇವರು ಬರದಿದ್ರೆ ನಾನು ನೀರಿಗೇ ಇಳಿಯಲ್ಲ, ಈಗಲೇ ಹೇಳಿದೀನಿ!”

“ಖಂಡಿತಾನಾ ಸಾರ್?” ಎಂದರು ಕೋಚ್. “ಆಮೇಲೆ ಮಾತು ಬದಲಾಯಿಸಬಾರದು.”

“ನಾನು ಮಾತು ಕೊಟ್ರೆ ಕೊಟ್ಟ ಹಾಗೆ!”

“ನಾನೇ ಸಾಕ್ಷಿ,” ಎಂದಳು ಹೆಂಡತಿ ತಕ್ಷಣ.

ಆಗ ಆಕೆ ಬಾಯಿಂದ ನಳಿಗೆ ತೆಗೆದಳು. ಮಾಸ್ಕ್ ಹಣೆಗೇರಿಸಿದಳು. ಬಿಗಿ ಟೋಪಿಯನ್ನು ಕಿತ್ತು ಮಡಿಲಿಗೆ ಹಾಕಿಕೊಂಡಳು.

“ಎಡಗಿವಿ ಸರಿಯಾಗಿ ಒರೆಸ್ಕೊಳ್ಳೋ, ಚಿಕ್ಕವನಿದ್ದಾಗಿನ ಥರ ರಾತ್ರಿಯೆಲ್ಲ ನೋವು ಅಂತ ಅಳಬೇಡ,” ಎಂದಳು ಅವನ ಅಮ್ಮ, “ಮತ್ತೆ ನಾಳೆ ನಿನ್ನ ಚೀಲ ಕಾಯೋಕೆ ಬೇರೆ ಯಾರನ್ನಾದ್ರೂ ನೋಡ್ಕೋ.”