ಕರಕರ ಅನ್ನುವ ಚಪ್ಪಲಿ

ದ್ರಾಕ್ಷಿ ಹಿಂಡಿದ ಸಿಪ್ಪೆಯಿಂದ ತೊಗಲು ಬೆಳೆಸುತ್ತಿದ್ದ ಒಂದಾನೊಂದು ಕಾಲದಲ್ಲಿ, ಅಥಣಿಯಲ್ಲಿ ಯಮುನವ್ವ ಅಂತ ಚಪ್ಪಲಿ ಹೊಲಿಯುವ ಹುಡುಗಿಯೊಬ್ಬಳಿದ್ದಳು. ಆ ತೊಗಲಿಗೆ ಜೀವವಿತ್ತು. ಚಪ್ಪಲಿಯಾದ ಮೇಲೂ ದಿನಾ ಬೆಳಿಗ್ಗೆ ಒಂದು ಗುಟುಕು ನೀರು ಬೇಡುತ್ತಿತ್ತು. ಮೆತ್ತಗಿತ್ತು, ತಂಪಾಗಿತ್ತು, ಆದರೆ ಮೆಟ್ಟಿ ನಡೆದರೆ ಸದ್ದೇ ಇಲ್ಲ.

ಅವಳ ಕಣ್ಣು ಕಾಣದ ಅಜ್ಜಿ ಸತ್ಯವ್ವನಿಗೆ ಅದೇ ಸಂಕಟ. ಮೊನ್ನೆ ಯಾರೋ ಹತ್ತಿರ ಬಂದದ್ದು ತಿಳಿಯದೆ ಬೆಚ್ಚಿಬಿದ್ದು, ಬಿಸಿ ಚಹಾ ಮೈಮೇಲೆ ಚೆಲ್ಲಿಕೊಂಡಿದ್ದಳು.

"ಎಲ್ಲಾರೂ ಕಳ್ಳರಂಗ ಬರ್ತೀರಿ. ನಿಮ್ಮಜ್ಜ ದನದ ತೊಗಲಿನ ಅಟ್ಟೆಯೊಳಗ ಬೀಜ ಇಟ್ಟು ಹೊಲಿತಿದ್ದ. ಓಣಿ ತುದಿಯಿಂದನ ಕರಕರ ಕೇಳ್ತಿತ್ತು."

"ನಾನೂ ಹಂಗ ಹೊಲಿತೀನಿ ತಗೋ ಆಯಿ," ಎಂದು ಯಮುನವ್ವ ಮಾತು ಕೊಟ್ಟಳು.

ಅಟ್ಟೆಯ ಪದರಗಳ ನಡುವೆ ದ್ರಾಕ್ಷಿ ಬೀಜ ಇಟ್ಟು ಹೊಲಿದಳು. ವಾರದೊಳಗೆ ಬೀಜ ಮೊಳೆತು, ಹೆಬ್ಬೆರಳ ಸಂದಿಯಲ್ಲಿ ಎಲೆ ಬಿಟ್ಟಿತು. ಮತ್ತೊಂದು ಜೋಡಿ ಹೊಲಿದಳು, ಅದೂ ಬಳ್ಳಿಯಾಯಿತು. ಅಜ್ಜಿ ತಡವಿ ನೋಡಿ ನಕ್ಕಳು. "ಚಪ್ಪಲಿ ಹೊಲಿ ಅಂದ್ರ ದ್ರಾಕ್ಷಿ ಚಪ್ಪರ ಹಾಕಾಕತ್ತಿಯಲ್ಲವಾ!"

ಯಮುನವ್ವ ಅಜ್ಜಿಗೆ ಶೇಂಗಾ ಹುರಿಯಲು ಒಲೆ ಮುಂದೆ ಕೂತಳು. ಹುರಿಯುತ್ತಿದ್ದ ಕೈ ತಟ್ಟನೆ ನಿಂತಿತು. ಹುರಿದದ್ದು ಎಲ್ಲಾದರೂ ಮೊಳೆತೀತೇ? ದ್ರಾಕ್ಷಿ ಬೀಜವನ್ನೂ ಅದೇ ಬಾಣಲೆಗೆ ಸುರಿದಳು.

ಈ ಸಲ ಎಷ್ಟು ನೀರು ಕುಡಿಸಿದರೂ ಚಪ್ಪಲಿ ಚಿಗುರಲಿಲ್ಲ. ಒಂದು ಮಧ್ಯಾಹ್ನ ಅದನ್ನು ಮೆಟ್ಟಿಕೊಂಡು ಓಣಿ ತುದಿಯಿಂದ ನಡೆದುಬಂದಳು. ಕರ್, ಕರ್, ಕರ್.

ಕಟ್ಟೆಯ ಮೇಲಿದ್ದ ಅಜ್ಜಿ ಚಹಾದ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟಳು. ಮೊಮ್ಮಗಳು ಇನ್ನೂ ಅಷ್ಟು ದೂರವಿರುವಾಗಲೇ ಕೂಗಿದಳು:

"ಬಾ ಯಮುನಾ, ಬಾ."