ನವಿಲಿನ ಜುಟ್ಟು

ಆ ಭಾನುವಾರ ಬೆಳಗ್ಗೆ ಎದುರಿಗಿದ್ದವರೂ ಕಾಣದಷ್ಟು ಮಂಜು ಕವಿದಿತ್ತು. ಸಮುದಾಯ ಭವನದಲ್ಲಿ ಪುಟ್ಟ ಮಕ್ಕಳ ನೃತ್ಯಾಭ್ಯಾಸ ಅರ್ಧ ಮುಗಿದಿತ್ತು. ನವಿಲಾಗಬೇಕಿದ್ದ ಚೆಲುವಮ್ಮನ ಮಗಳು ಬಾರದ್ದರಿಂದ ಮೇಡಂ ಬಣ್ಣದ ಜುಟ್ಟನ್ನು ವಿಶಾಲಾಕ್ಷಿಯ ಮಗಳ ತಲೆಗೆ ಕಟ್ಟಿಸಿದ್ದರು.

ಅಷ್ಟರಲ್ಲಿ ಚೆಲುವಮ್ಮ ಮಗಳ ಕೈ ಹಿಡಿದು ಏದುಸಿರು ಬಿಡುತ್ತ ಬಂದಳು.

"ಮಂಜಲ್ಲಿ ಗಡಿಯಾರಾನೂ ಕಾಣ್ಲಿಲ್ವೇನಮ್ಮ?" ಮೇಡಂ ರೇಗಿದರು. "ಒಂಬತ್ತಕ್ಕಲ್ಲ, ಎಂಟಕ್ಕೇ ಬನ್ನಿ ಅಂತ ವಿಶಾಲಾಕ್ಷಿ ಹತ್ರ ಹೇಳಿ ಕಳಿಸಿದ್ನಲ್ಲ! ಅವರು ಹೇಳ್ಲಿಲ್ವಾ?"

ವಿಶಾಲಾಕ್ಷಿ ನಿನ್ನೆ ಮುಸ್ಸಂಜೆ ದೇವರಿಗೆ ದೀಪ ಹಚ್ಚಿಟ್ಟು ಚೆಲುವಮ್ಮನ ಬಾಗಿಲವರೆಗೂ ಹೋಗಿದ್ದಳು. ಒಂದು ಸಲ ತನ್ನ ಮಗಳೂ ನವಿಲಾಗಲಿ ಎಂಬ ಆಸೆ ಅಲ್ಲಿಂದ ಹಿಂದಕ್ಕೆಳೆದು ತಂದಿತ್ತು. ಈಗ ಅದೇ ಮಗಳು ಪಕ್ಕದಲ್ಲಿ ನಿಂತು ಅಮ್ಮನ ಮುಖ ನೋಡುತ್ತಿದ್ದಳು.

"ಹೇಳಿದ್ರು ಮೇಡಮ್ಮೋರೆ," ಎಂದಳು ಚೆಲುವಮ್ಮ. "ನನ್ ಹಾಳು ಮರೆವು."

"ಚೆನ್ನಾಗಿದೆ! ಅಮ್ಮ ಮರೀಲಿ, ಮಗಳು ಹಿಂದಿನ ಸಾಲಲ್ಲಿ ನಿಲ್ಲಲಿ."

ಉಳಿದ ತಾಯಂದಿರು ಕಿಸಕ್ಕೆಂದರು. ಚೆಲುವಮ್ಮ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಮೇಡಂ ಅತ್ತ ಸರಿದ ಮೇಲೆ ವಿಶಾಲಾಕ್ಷಿ ಅವಳ ಹತ್ತಿರ ಹೋಗಿ ಪಿಸುಗುಟ್ಟಿದಳು.

"ನಾನು ಹೇಳೇ ಇರ್ಲಿಲ್ಲ. ಯಾಕೆ ಹಂಗಂದೆ?"

"ನಿಮ್ ಕೂಸು ನಿಮ್ ಮೊಕಾನೇ ನೋಡ್ತಾ ನಿಂತಿತ್ತಲ್ಲಕ್ಕ."

ವಿಶಾಲಾಕ್ಷಿ ಮಗಳ ತಲೆಯಿಂದ ಜುಟ್ಟನ್ನು ಮೆಲ್ಲಗೆ ಬಿಚ್ಚಿ, ಚೆಲುವಮ್ಮನ ಮಗಳ ಕೈಗಿಟ್ಟಳು.