ಹನ್ನೆರಡು ಮಾರು ಮೇಲೆ

ಮೆಣಸಿನಕಾಯಿ ಗಿರಣಿಯಿಂದ ಮಧ್ಯಾಹ್ನ ಓಡೋಡಿ ಬಂದ ಗುರುಶಾಂತವ್ವ, ಎಂದಿನಂತೆ ಕೂಸನ್ನು ದೂರದಿಂದಲೇ ನೋಡಿ ಬಚ್ಚಲು ಹೊಕ್ಕಳು. ಮೈಗೆಲ್ಲ ಖಾರದ ಪುಡಿ ಮೆತ್ತಿತ್ತು, ಅದು ಹೋಗುವವರೆಗೆ ಹಾಲೂಡಿಸುವಂತಿರಲಿಲ್ಲ. ಷವರ್ ತಿರುಗಿಸಿದರೆ ನೀರು ನೂಲಿನೆಳೆಯಂತೆ ಇಳಿಯಿತು. ಖಾರ ತೊಳೆದು ಹೋಗುವ ಬದಲು ಹರಡಿಕೊಂಡು ಎದೆಯೆಲ್ಲ ಉರಿಯತೊಡಗಿತು. ಹೊರಗೆ ಕೂಸು ಹಸಿದು ಚೀರುತ್ತಿತ್ತು.

ಸೀರೆ ಸುತ್ತಿಕೊಂಡು ಮಾಳಿಗೆ ಹತ್ತಿದಳು. ಬಚ್ಚಲಿಗೆ ನೀರು ಕೊಡುವ, ಹನ್ನೆರಡು ಮಾರು ಮೇಲಿರಬೇಕಾದ ಮನೆಯ ಮೋಡ, ಕಟ್ಟಿಹಾಕಿದ ಎಮ್ಮೆಯಂತೆ ಹಿತ್ತಲ ಗೋಡೆಗೆ ಒರಗಿ ನಿಂತಿತ್ತು. ಅಷ್ಟು ಕೆಳಗಿದ್ದರೆ ನೀರಿಗೆ ರಭಸ ಎಲ್ಲಿಂದ ಬರಬೇಕು?

"ಅತ್ತಿ, ಮೋಡ ಯಾರು ಇಳಿಸಿದ್ರು?"

ಅತ್ತೆ ನೀಲವ್ವ ಕೂಸನ್ನೆತ್ತಿಕೊಂಡು ಮೆಟ್ಟಿಲಲ್ಲೇ ನಿಂತಳು. "ನಾನ ಜಗ್ಗಿ ಕಟ್ಟೇನಿ. ಸಂಡಿಗಿಗೆ ಬಿಸಿಲು ಬ್ಯಾಡೇನು? ಮ್ಯಾಲೆ ಬಿಟ್ರ ಎಲ್ಲಾ ನೆರಳು. ಸಂಜಿಮಟ ತಡಿ."

"ನಾ ತಡೀತೀನ್ರಿ. ಕೂಸು ತಡೀತೈತೇನು ಕೇಳ್ರಿ."

ಮೋಡದ ತೇವಕ್ಕೆ ಹಗ್ಗದ ಗಂಟು ಕಲ್ಲಾಗಿತ್ತು. ಉರಿಯುವ ಬೆರಳಿಗೆ ಅದು ಜಗ್ಗಲಿಲ್ಲ. ಅವಳು ಮೊಣಕಾಲೂರಿ ಕೂತು ಹಲ್ಲಿನಿಂದ ಕಚ್ಚಿ ಎಳೆದಳು. ಮೂರನೇ ಸಲಕ್ಕೆ ಗಂಟು ಬಿಚ್ಚಿತು. ಹಗ್ಗವನ್ನು ಮಾರು ಮಾರಾಗಿ ಎಣಿಸಿ ಬಿಡುತ್ತ ಹೋದಂತೆ ಮೋಡ ಮೇಲೇರಿತು, ಮಾಳಿಗೆ ಮೇಲೆ ಹರವಿದ ಸಂಡಿಗೆಯೆಲ್ಲ ನೆರಳಿಗೆ ಬಿತ್ತು.

"ಹೋತು ನನ್ನ ಮೂರು ಸೇರಿನ ಸಂಡಿಗಿ" ಎಂದಳು ನೀಲವ್ವ. ಕೂಸು ಅವಳ ಹೆಬ್ಬೆರಳನ್ನೇ ಚೀಪತೊಡಗಿತ್ತು. ಅದನ್ನು ನೋಡಿ, "ಇನ್ನೆರಡು ಮಾರು ಬಿಡು, ಲಗೂನ ತೊಳಕೊಂಡು ಬಾ" ಎಂದಳು.

ಷವರಿನ ನೀರು ಬೆನ್ನಿಗೆ ಬಾರಿಸಿದಂತೆ ಬಿತ್ತು. ಎದೆಯ ಉರಿ ಪೂರ್ತಿ ಆರುವವರೆಗೂ ಗುರುಶಾಂತವ್ವ ಕದಲಲಿಲ್ಲ. ಆಮೇಲೆ ಬಾಗಿಲ ಸಂದಿಯಿಂದ ಎರಡೂ ಕೈ ಹೊರಗೆ ಚಾಚಿದಳು.

"ಕೊಡ್ರಿ ಇಲ್ಲಿ."